ನಿಶ್ಚಿತಾರ್ಥದ ಉಂಗುರಕ್ಕೆ ಐದು ಲಕ್ಷ: ಒಂದು ಎಸ್ಟಿಮೇಟ್ ಬಿಡಿಸಿ ನೋಡಿದಾಗ

ಹುಡುಗ ಬೆಂಗಳೂರಿನವನು, ಹುಡುಗಿ ಮೈಸೂರಿನವಳು. ನಿಶ್ಚಿತಾರ್ಥಕ್ಕೆ ಐದು ವಾರ ಉಳಿದಿದೆ. ಹುಡುಗನ ಕೈಗೆ ಬರುವ ಸಂಬಳ ತಿಂಗಳಿಗೆ ₹1,10,000. ಉಂಗುರಕ್ಕೆಂದು ತೆಗೆದಿಟ್ಟ ದುಡ್ಡು ₹2,12,000. ಆಭರಣದಂಗಡಿಯವರು ಒಂಟಿ ವಜ್ರದ ಉಂಗುರಕ್ಕೆ ಬರೆದುಕೊಟ್ಟ ಎಸ್ಟಿಮೇಟ್ ₹5,12,085. ಕೊರತೆ ಬಿದ್ದ ಮೂರು ಲಕ್ಷಕ್ಕೆ ವೈಯಕ್ತಿಕ ಸಾಲ ತೆಗೆಯುವ ಮಾತು ಮನೆಯಲ್ಲಿ ನಡೆದಿದೆ. ಹುಡುಗನ ಅಮ್ಮನಿಗೆ ಅಳುಕು. ಸೋದರತ್ತೆಗೆ ಅನುಮಾನವೇ ಇಲ್ಲ: "ವಜ್ರ ಅಂದ್ರೆ ಆಸ್ತಿ ಕಣೋ. ಕಷ್ಟಕಾಲಕ್ಕೆ ಆಗತ್ತೆ."

ಇದು ಲೆಕ್ಕ ತೋರಿಸಲೆಂದು ಕಟ್ಟಿದ ಮಾದರಿ ಪ್ರಕರಣ. ದರಗಳು 2025ರ ನಡುಭಾಗದ ಆಸುಪಾಸಿನವು, ಕೂಡಿ ಕಳೆಯಲು ಸುಲಭವಾಗಲೆಂದು ದುಂಡಗೆ ಮಾಡಿದವು. 24 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ ₹10,000, ಹಾಗಾಗಿ 18 ಕ್ಯಾರೆಟ್‌ಗೆ ₹7,500. ಓದುವವರು ತಮ್ಮ ದಿನದ ದರ ಹಾಕಿಕೊಂಡರೆ ಮೊತ್ತ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಎಸ್ಟಿಮೇಟಿನ ಒಳಗೆ

ಉಂಗುರದ ಒಟ್ಟು ತೂಕ 4.402 ಗ್ರಾಂ. ಅದರಲ್ಲಿ ಕಲ್ಲು 1.01 ಕ್ಯಾರೆಟ್. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ಕಲ್ಲಿನ ಕ್ಯಾರೆಟ್ ತೂಕದ ಅಳತೆ: ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಂದರೆ ಕಲ್ಲಿನ ತೂಕ 0.202 ಗ್ರಾಂ. ಉಳಿದ 4.2 ಗ್ರಾಂ ನಿವ್ವಳ ಚಿನ್ನ. ಚಿನ್ನದ ಬೆಲೆ ₹31,500. ಮಜೂರಿ ಅದರ ಶೇ. 18ರಂತೆ ₹5,670. ವಜ್ರ ₹4,60,000. ಮೂರೂ ಸೇರಿ ₹4,97,170, ಅದರ ಮೇಲೆ ಶೇ. 3 ಜಿಎಸ್‌ಟಿ ₹14,915. ಹಾಲ್‌ಮಾರ್ಕ್ ಶುಲ್ಕ ಐವತ್ತು ಚಿಲ್ಲರೆ ರೂಪಾಯಿ, ಅದನ್ನು ಬಿಟ್ಟಿದ್ದೇವೆ.

ಕೊಡುವ ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ ತೊಂಬತ್ತು ಕಲ್ಲಿಗೇ ಹೋಗುತ್ತದೆ. ಚಿನ್ನಕ್ಕೆ ಸಲ್ಲುವುದು ಆರು. ಅಂಗಡಿಯವರು "ಮಜೂರಿ ಮೇಲೆ ಶೇ. 50 ರಿಯಾಯಿತಿ" ಎಂದು ದೊಡ್ಡ ಫಲಕ ಹಾಕಿದ್ದರೆ, ಈ ಉಂಗುರದಲ್ಲಿ ಉಳಿಯುವುದು ₹2,835. ಐದು ಲಕ್ಷದ ಮುಂದೆ ಅದು ಆಟೋ ಖರ್ಚು. ಚೌಕಾಸಿ ಮಾಡುವುದಿದ್ದರೆ ಕಲ್ಲಿನ ಸಾಲಿನಲ್ಲೇ ಮಾಡಬೇಕು.

ಇನ್ನೊಂದು ಮಾತು. ಉಂಗುರದ ಒಳಮೈಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಚಿನ್ನದ ಶುದ್ಧತೆ ಹೇಳುವ 18ಕೆ750, ಆ ಒಡವೆಗೇ ಮೀಸಲಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತವೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಆದರೆ ಅದು ಚಿನ್ನದ ಜಾತಕ ಮಾತ್ರ. ಹಾಲ್‌ಮಾರ್ಕ್ ಇದೆ ಎಂದ ಮಾತ್ರಕ್ಕೆ ಮೇಲೆ ಕೂತಿರುವ ಕಲ್ಲಿನ ಬಗ್ಗೆ ಒಂದಕ್ಷರವೂ ತಿಳಿಯುವುದಿಲ್ಲ. ಕಲ್ಲಿಗೆ ಬೇರೆಯದೇ ಪ್ರಯೋಗಾಲಯದ ವರದಿ ಬೇಕು, ಅಂಗಡಿಯ ಹೆಸರಿರುವ ಪ್ಲಾಸ್ಟಿಕ್ ಕಾರ್ಡು ಆ ವರದಿ ಅಲ್ಲ.

ಹೊಟ್ಟೆ ಬಿಟ್ಟ ಕಲ್ಲು

ಈ ಕಲ್ಲಿಗೆ ಜಿಐಎ ಎಂಬ ಪ್ರಯೋಗಾಲಯದ ವರದಿ ಇತ್ತು. ಉರುಟು ಕಲ್ಲು, ಬಣ್ಣ ಜಿ, ಶುದ್ಧತೆ ವಿಎಸ್2. (ಬಣ್ಣದ ದರ್ಜೆ ಡಿ ಅಕ್ಷರದಿಂದ ಶುರುವಾಗಿ ಇಳಿದಂತೆ ಹಳದಿ ಹೆಚ್ಚುತ್ತದೆ. ಶುದ್ಧತೆ ಎಂದರೆ ಒಳಗಿನ ಚುಕ್ಕೆಗಳ ಲೆಕ್ಕ, ವಿಎಸ್2ರ ಕೆಳಗಿನ ದರ್ಜೆ ಎಸ್‌ಐ1.) ಅಂಗಡಿಯಲ್ಲಿ ಒತ್ತಿ ಹೇಳಿದ್ದು ಒಂದೇ: "ಸರ್, ಒಂದು ಕ್ಯಾರೆಟ್ ದಾಟಿದೆ." ವರದಿಯಲ್ಲಿ ಯಾರೂ ಬೆರಳಿಟ್ಟು ತೋರಿಸದ ಎರಡು ಸಾಲು ಹೀಗಿದ್ದವು: ಅಳತೆ 6.22–6.25 × 4.02 ಮಿಲಿಮೀಟರ್, ಕಟ್ 'ಗುಡ್', ಅಂದರೆ ಕತ್ತರಿಸಿದ ಅಚ್ಚುಕಟ್ಟಿನಲ್ಲಿ 'ಎಕ್ಸಲೆಂಟ್', 'ವೆರಿ ಗುಡ್'ಗಳ ಕೆಳಗಿನ ದರ್ಜೆ.

ಇಲ್ಲೇ ನಿಲ್ಲಬೇಕು. 4.02 ಎತ್ತರವನ್ನು ಸುಮಾರು 6.235 ಅಗಲದಿಂದ ಭಾಗಿಸಿದರೆ ಶೇ. 64.5 ಬರುತ್ತದೆ. ಚೆನ್ನಾಗಿ ಕತ್ತರಿಸಿದ ಉರುಟು ವಜ್ರದ ಆಳ ಸಾಮಾನ್ಯವಾಗಿ ಅಗಲದ ಶೇ. 59ರಿಂದ 62.5ರ ನಡುವೆ ಇರುತ್ತದೆ. ಒಂದು ಕ್ಯಾರೆಟ್‌ನ ಒಳ್ಳೆಯ ಕಲ್ಲಾದರೆ ಮೇಲಿನಿಂದ 6.4 ಮಿಲಿಮೀಟರ್‌ಗೆ ಕಡಿಮೆ ಇಲ್ಲದಂತೆ ಕಾಣಬೇಕು. ಇದು 6.2 ಕಾಣುತ್ತದೆ, ಅಂದರೆ ಒಳ್ಳೆಯ ಕಟ್‌ನ 0.90 ಕ್ಯಾರೆಟ್ ಕಲ್ಲಿನಷ್ಟು. ಉಳಿದ 0.11 ಕ್ಯಾರೆಟ್, ಅಂದರೆ 22 ಮಿಲಿಗ್ರಾಂ, ಕಲ್ಲಿನ ಹೊಟ್ಟೆಯಲ್ಲೂ (ಕೆಳಭಾಗ) ದಪ್ಪ ಸೊಂಟದಲ್ಲೂ (ಸುತ್ತಲಿನ ಅಂಚು) ಅಡಗಿದೆ. ಬೆರಳಿಗೆ ಹಾಕಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ನೋಡಿದರೂ ಪ್ರಯೋಜನವಿಲ್ಲ, ಏಕೆಂದರೆ ಹೊಟ್ಟೆ ಆಳವಾದಾಗ ಬೆಳಕು ಮೇಲಕ್ಕೆ ಮರಳದೆ ಪಕ್ಕಕ್ಕೆ ಸೋರಿ ಕಲ್ಲಿನ ನಡು ಕಪ್ಪಾಗಿ ಕಾಣುತ್ತದೆ.

ಹೀಗೇಕೆ ಕತ್ತರಿಸುತ್ತಾರೆ? ವಜ್ರದ ಬೆಲೆ ತೂಕದ ಜೊತೆ ಏರಿಳಿಯುವುದು ಇಳಿಜಾರಿನಂತಲ್ಲ, ಮೆಟ್ಟಿಲಿನಂತೆ. 0.90, 1.00, 1.50 ಇವು ಮೆಟ್ಟಿಲುಗಳು. ವ್ಯಾಪಾರಿಗಳು ನೋಡುವ ರಾಪಪೋರ್ಟ್ ಬೆಲೆಪಟ್ಟಿ ಇದೇ ಮೆಟ್ಟಿಲುಗಳ ಮೇಲೆ ನಿಂತಿದೆ. 0.99ರ ಕಲ್ಲಿಗೂ 1.00ರ ಕಲ್ಲಿಗೂ ಕಣ್ಣಿಗೆ ವ್ಯತ್ಯಾಸವಿಲ್ಲ, ಕ್ಯಾರೆಟ್ ದರ ಮಾತ್ರ ಬೇರೆ. ಹಾಗಾಗಿ ಸೂರತ್‌ನಲ್ಲಿ ಘಂಟಿಯ, ಅಂದರೆ ವಜ್ರ ಉಜ್ಜುವ ಚಕ್ರದ, ಮುಂದೆ ಕೂತವರು ಅಂದ ಸ್ವಲ್ಪ ಕೆಟ್ಟರೂ ಸರಿ, ತೂಕ 1.00 ದಾಟಲಿ ಎಂದು ಲೆಕ್ಕ ಹಾಕುವುದುಂಟು. ಜಗತ್ತಿನ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತು ಹೊಳಪು ಪಡೆಯುವುದು ಅದೇ ಊರಿನಲ್ಲಿ. ಅವರಿಗೆ ಮೆಟ್ಟಿಲು ಗೊತ್ತು, ಗಿರಾಕಿಗೆ ಗೊತ್ತಿಲ್ಲ.

ಕೊಳ್ಳುವವರು ಮಾಡಬೇಕಾದದ್ದು ಇಷ್ಟು. ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ಜಾಲತಾಣದಲ್ಲೇ ಹಾಕಿ ನೋಡಿ, ಅಂಗಡಿಯ ಕ್ಯೂಆರ್ ಕೋಡ್ ನಂಬಬೇಡಿ. ಕಲ್ಲಿನ ಸೊಂಟದ ಮೇಲೆ, ಅಂದರೆ ಗರ್ಡಲ್ ಮೇಲೆ, ಲೇಸರ್‌ನಲ್ಲಿ ಕೆತ್ತಿದ ಸಂಖ್ಯೆಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಓದಿಸಿಕೊಳ್ಳಿ. ಉಂಗುರಕ್ಕೆ ಕೂರಿಸಿದ ಮೇಲೆ ಕೊಕ್ಕೆ ಅಡ್ಡ ಬಂದರೆ ಅದು ಓದಲು ಸಿಗುವುದಿಲ್ಲ, ಆದ್ದರಿಂದ ಬಿಡಿ ಕಲ್ಲಿರುವಾಗಲೇ ಓದಬೇಕು. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಗಾಜೂ ಮಿನುಗುತ್ತದೆ. ಕಲ್ಲನ್ನು ಬಾಗಿಲ ಬಳಿ ಹಗಲು ಬೆಳಕಿಗೆ, ಆಮೇಲೆ ಮೇಜಿನ ಕೆಳಗಿನ ನೆರಳಿಗೆ ಒಯ್ದು ನೋಡಿ. ನೆರಳಿನಲ್ಲೂ ಜೀವ ಉಳಿದರೆ ಅದು ಒಳ್ಳೆಯ ಕಟ್.

ಇದೇ ಅಂಗಡಿಯಲ್ಲಿ 0.90 ಕ್ಯಾರೆಟ್, ಬಣ್ಣ ಐ, ಶುದ್ಧತೆ ಎಸ್‌ಐ1, ಕಟ್ 'ಎಕ್ಸಲೆಂಟ್' ಇರುವ ಇನ್ನೊಂದು ಕಲ್ಲಿಗೆ ₹2,70,000 ಹೇಳಿದರು. ಚಿನ್ನ, ಮಜೂರಿ ಅಷ್ಟೇ ಇಟ್ಟು ತೆರಿಗೆ ಸೇರಿಸಿದರೆ ₹3,16,385. ಅಗಲ ಅದೇ 6.2 ಮಿಲಿಮೀಟರ್. ಎಸ್‌ಐ1ರ ಚುಕ್ಕೆ ಮೇಲ್ಮುಖದ ನಡುವೆ ಇರದೆ ಅಂಚಿನ ಕೊಕ್ಕೆಯಡಿ ಇದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ. ಐ ಬಣ್ಣದ ಒಂದಿಷ್ಟು ಹಳದಿ ಛಾಯೆ ಬಿಳಿ ಚಿನ್ನದಲ್ಲಿ ಎದ್ದು ಕಾಣಬಹುದು, ಹಳದಿ ಚಿನ್ನದಲ್ಲಿ ಕರಗಿಹೋಗುತ್ತದೆ. ನಮ್ಮ ಕಡೆಯ ಮನೆಗಳಿಗೆ ಹಳದಿ ಚಿನ್ನವೇ ಒಗ್ಗುವುದು, ಮೇಲಾಗಿ ಬಿಳಿ ಚಿನ್ನಕ್ಕೆ ಕೊಟ್ಟ ರೋಡಿಯಂ ಲೇಪ ದಿನಬಳಕೆಯಲ್ಲಿ ವರ್ಷ ಎರಡು ವರ್ಷಕ್ಕೆ ಸವೆದು ಮತ್ತೆ ಲೇಪಿಸಬೇಕಾಗುತ್ತದೆ. ಕಾಗದದ ಮೇಲೆ ಮೂರು ದರ್ಜೆ ಕೆಳಗಿಳಿದ ಈ ಕಲ್ಲು ಬೆರಳ ಮೇಲೆ ಮೊದಲನೆಯದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ. ಉಳಿತಾಯ ₹1,95,700.

"ಕಷ್ಟಕಾಲಕ್ಕೆ ಆಗತ್ತೆ"

ಸೋದರತ್ತೆಯ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಬೇಡ, ಲೆಕ್ಕಕ್ಕೆ ಕೂರಿಸೋಣ. ಕಷ್ಟಕಾಲ ಬಂತು, ಉಂಗುರ ಹಿಡಿದು ಬ್ಯಾಂಕಿಗೆ ಹೋದರು ಎನ್ನಿ. ಚಿನ್ನದ ಸಾಲಕ್ಕೆ ಕಲ್ಲಿನ ತೂಕ ಕಳೆದೇ ಬೆಲೆ ಕಟ್ಟುತ್ತಾರೆ. ಐದು ಲಕ್ಷದ ಉಂಗುರ ಅಲ್ಲಿ ₹31,500ರ ಚಿನ್ನ, ಸಾಲ ಸಿಗುವುದು ಅದರ ಮುಕ್ಕಾಲರ ಆಸುಪಾಸು.

ಮಾರಲು ಹೋದರೆ? ಕೊಂಡ ಅಂಗಡಿಯ ಮರುಖರೀದಿ ನಿಯಮ ಹೀಗಿತ್ತು: ವಿನಿಮಯಕ್ಕಾದರೆ ಕಲ್ಲಿಗೆ ಶೇ. 100, ನಗದಿಗಾದರೆ ಶೇ. 80. ಕೇಳಲು ಚೆಂದ. ಬಿಲ್ಲಿನ ಹಿಂಬದಿಯ ಸಣ್ಣಕ್ಷರದಲ್ಲಿ "ಅಂದಿನ ಮಾರುಕಟ್ಟೆ ಬೆಲೆಯ ಮೇಲೆ" ಎಂದಿತ್ತು. ಆ ಬೆಲೆ ಯಾರು ಹೇಳುವುದು? ಅಂಗಡಿಯವರೇ. 2022ರ ನಂತರ ನೈಸರ್ಗಿಕ ವಜ್ರದ ಬೆಲೆ ಗಮನಾರ್ಹವಾಗಿ ಇಳಿದಿದೆ, ಚಿನ್ನ ಏರಿದೆ. ಮೂರು ವರ್ಷದಲ್ಲಿ ಕಲ್ಲು ಶೇ. 15 ಇಳಿಯಿತು ಎಂದಿಟ್ಟುಕೊಂಡರೆ ₹4,60,000 ಎಂಬುದು ₹3,91,000, ಅದರ ಶೇ. 80 ₹3,12,800. ಚಿನ್ನದ ದರ ಅಷ್ಟೇ ಇದ್ದರೆ ₹31,500 ಸೇರಿ ಕೈಗೆ ₹3,44,300. ಮಜೂರಿಗೂ ಜಿಎಸ್‌ಟಿಗೂ ಎಳ್ಳುನೀರು. ನಷ್ಟ ₹1,67,785, ಕೊಟ್ಟ ದುಡ್ಡಿನ ಮೂರನೇ ಒಂದು ಪಾಲು. ಇದು ಒಳ್ಳೆಯ ಲೆಕ್ಕ, ಏಕೆಂದರೆ ಬಿಲ್ಲು, ವರದಿ ಎರಡೂ ಜೋಪಾನವಾಗಿದ್ದು ಅದೇ ಅಂಗಡಿ ಬಾಗಿಲು ತೆರೆದಿದ್ದರೆ ಮಾತ್ರ ಇದು ಸಿಗುತ್ತದೆ.

ಬೇರೆ ಅಂಗಡಿಗೆ, ಬೆಂಗಳೂರಿನ ಅವೆನ್ಯೂ ರಸ್ತೆ, ನಗರತ್‌ಪೇಟೆ ಕಡೆ ಒಯ್ದರೆ ಕಲ್ಲಿಗೆ ಅರ್ಧಕ್ಕಿಂತ ಕೆಳಗಿನ ಮಾತು ಬಂದರೆ ಅಚ್ಚರಿ ಪಡಬಾರದು. ಅವರು ಮೋಸಗಾರರು ಎಂದಲ್ಲ. ವಜ್ರದ ವ್ಯಾಪಾರದಲ್ಲಿ 'ಜಂಗಡ' ಎಂಬ ಪದ್ಧತಿ ಇದೆ. ಮುಂಬೈ ಅಥವಾ ಸೂರತ್‌ನ ವ್ಯಾಪಾರಿ ಒಂದು ಚೀಟಿಯ ಮೇಲೆ ಕಲ್ಲು ಕಳಿಸುತ್ತಾನೆ. ಗಿರಾಕಿ ಒಪ್ಪಿದರೆ ದುಡ್ಡು, ಇಲ್ಲದಿದ್ದರೆ ಕಲ್ಲು ವಾಪಸ್. ಬಂಡವಾಳ ಹಾಕದೆ ಹೊಸ ಕಲ್ಲು ತರಿಸಿಕೊಳ್ಳಬಲ್ಲ ಅಂಗಡಿಯವನು ನಿಮ್ಮ ಹಳೇ ಕಲ್ಲಿಗೆ ನಗದು ಎಣಿಸಬೇಕೆಂದರೆ ಅದು ತೀರಾ ಅಗ್ಗವಾಗಿರಲೇಬೇಕು. ಇದರ ಮೇಲೆ "ವಜ್ರ ಎಲ್ಲರಿಗೂ ಆಗಿಬರಲ್ಲ" ಎಂಬ ನಂಬಿಕೆ ಬೇರೆ. ಪರರು ಹಾಕಿದ ಕಲ್ಲನ್ನು ಮುಟ್ಟಲೂ ಹಿಂಜರಿಯುವ ಮನೆಗಳು ಎಷ್ಟೋ ಇವೆ.

ಸಾಲದ ಲೆಕ್ಕ ಇನ್ನೂ ಬಂದಿಲ್ಲ. ಮೂರು ಲಕ್ಷ, ವರ್ಷಕ್ಕೆ ಶೇ. 15 ಬಡ್ಡಿ, 24 ಕಂತು: ತಿಂಗಳಿಗೆ ₹14,546, ಬಡ್ಡಿಯೇ ಸುಮಾರು ₹49,100. ಅಲ್ಲಿಗೆ ಉಂಗುರದ ನಿಜವಾದ ಬೆಲೆ ₹5,61,000 ದಾಟಿತು. ಮದುವೆಯ ಖರ್ಚು ಶುರುವಾಗುವ ಹೊತ್ತಿಗೆ ಕಂತು ನಾಲ್ಕನೆಯದೋ ಐದನೆಯದೋ ನಡೆದಿರುತ್ತದೆ.

ಉಂಗುರ ಇಷ್ಟು ದೊಡ್ಡದಿರಬೇಕೆಂಬ ಒತ್ತಡ ಬಂದದ್ದೆಲ್ಲಿಂದ? ನಮ್ಮ ನಿಶ್ಚಿತಾರ್ಥದ ಶಾಸ್ತ್ರ ಫಲತಾಂಬೂಲ, ಲಗ್ನಪತ್ರಿಕೆ. ಉಂಗುರ ಆಮೇಲೆ ಬಂದು ಸೇರಿದ್ದು. ಒಂಟಿ ವಜ್ರವೇ ಪ್ರೀತಿಯ ಗುರುತು ಎಂಬ ಕಲ್ಪನೆಯನ್ನು ಅಮೆರಿಕದಲ್ಲಿ ಬೆಳೆಸಿದ್ದು ಡಿ ಬಿಯರ್ಸ್ ಕಂಪನಿಗಾಗಿ ಕೆಲಸ ಮಾಡಿದ ಜಾಹೀರಾತು ಸಂಸ್ಥೆ, ವಜ್ರ ಶಾಶ್ವತ ಎಂಬ ಅವರ ಘೋಷಣೆ ಹುಟ್ಟಿದ್ದು 1947ರಲ್ಲಿ. ಎರಡು ತಿಂಗಳ ಸಂಬಳದ ಅಳತೆಗೋಲೂ ಅದೇ ಕಂಪನಿಯ ಜಾಹೀರಾತಿನದು. ಈ ಎಸ್ಟಿಮೇಟ್ ಆ ಗೋಲನ್ನೂ ಮೀರಿ ನಾಲ್ಕೂವರೆ ತಿಂಗಳಿಗೆ ಮುಟ್ಟಿದೆ.

ಲ್ಯಾಬ್ ವಜ್ರ

ಮೂರನೇ ಆಯ್ಕೆಗೆ ಹೆಚ್ಚು ಮಾತು ಬೇಕಿಲ್ಲ. 1.20 ಕ್ಯಾರೆಟ್, ಬಣ್ಣ ಇ, ಶುದ್ಧತೆ ವಿಎಸ್1, ಸಿವಿಡಿ ವಿಧಾನದಲ್ಲಿ, ಅಂದರೆ ಯಂತ್ರದೊಳಗೆ ಅನಿಲದಿಂದ ಪದರ ಪದರವಾಗಿ, ಬೆಳೆಸಿದ ಕಲ್ಲು, ಕ್ಯಾರೆಟ್‌ಗೆ ₹45,000. ಕಲ್ಲಿಗೆ ₹54,000, ಚಿನ್ನ ಮಜೂರಿ ತೆರಿಗೆ ಎಲ್ಲ ಸೇರಿ ₹93,905. ಇದು ನಕಲಿ ಅಲ್ಲ. ಇಂಗಾಲ ಅದೇ, ಗಡಸು ಅದೇ, ಹೊಳಪು ಅದೇ. ಅಂಗಡಿಯ ಸಾಧಾರಣ ಶಾಖ ಪರೀಕ್ಷಕ ಪೆನ್ನಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ, ಪ್ರಯೋಗಾಲಯಕ್ಕೆ ತಿಳಿಯುತ್ತದೆ. ಅದಕ್ಕೇ ವರದಿಯಲ್ಲಿ 'ಲ್ಯಾಬ್‌ನಲ್ಲಿ ಬೆಳೆದದ್ದು' ಎಂದು ಇದೆಯೋ ಇಲ್ಲವೋ ನೋಡಿಕೊಂಡು, ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಬೇಕು.

ಮರುಮಾರಾಟದ ಬೆಲೆಯನ್ನು ಮಾತ್ರ ಸೊನ್ನೆ ಎಂದೇ ಹಿಡಿಯಿರಿ. ಯಂತ್ರ ಹೆಚ್ಚಿದಂತೆ ಈ ಕಲ್ಲಿನ ಬೆಲೆ ಇಳಿಯುತ್ತಲೇ ಬಂದಿದೆ. ಡಿ ಬಿಯರ್ಸ್ 2018ರಲ್ಲಿ ಕ್ಯಾರೆಟ್‌ಗೆ 800 ಡಾಲರ್‌ನಂತೆ ತಾನೇ ಲ್ಯಾಬ್ ವಜ್ರದ ಆಭರಣ ಮಾರಲು ಹೊರಟು, 2025ರಲ್ಲಿ ಆ ಅಂಗಡಿಯನ್ನೇ ಮುಚ್ಚುವುದಾಗಿ ಹೇಳಿತು. ಆದರೂ ಲೆಕ್ಕ ನೋಡಿ: ₹54,000ದ ಕಲ್ಲು ಪೂರ್ತಿ ಸೊನ್ನೆಯಾದರೂ, ಮಜೂರಿ ತೆರಿಗೆ ಸೇರಿ ಆಗುವ ನಷ್ಟ ಮೊದಲಿನ ಉಂಗುರದ ನಷ್ಟದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ದೊಡ್ಡ ಒಂಟಿ ಕಲ್ಲೇ ಬೇಕು, ಸಾಲ ಬೇಡ ಎನ್ನುವವರಿಗೆ ಇದಕ್ಕಿಂತ ಸರಿಯಾದ ದಾರಿ ನಮಗೆ ಕಾಣುವುದಿಲ್ಲ.

ಒಂಟಿ ಓಲೆ

ಇಷ್ಟಾದ ಮೇಲೆ ಎರಡು ವಿಷಯ ಬೆಳಕಿಗೆ ಬಂದವು, ಎರಡೂ ಯಾರೂ ಕೇಳದೆ ಉಳಿದಿದ್ದವು.

ಹುಡುಗಿ ದಂತವೈದ್ಯೆ. ದಿನವಿಡೀ ಕೈಗವಸು. ಆರು ಕೊಕ್ಕೆಯ ಒಂಟಿ ಕಲ್ಲಿನ ಉಂಗುರ ಬೆರಳ ಮೇಲೆ ಆರೇಳು ಮಿಲಿಮೀಟರ್ ಎದ್ದು ನಿಲ್ಲುತ್ತದೆ. ಕೊಕ್ಕೆಯ ತುದಿಗೆ ತೆಳು ಕೈಗವಸು ಸಿಕ್ಕಿ ಹರಿಯುತ್ತದೆ, ಹಾಗಾಗಿ ಕ್ಲಿನಿಕ್‌ನಲ್ಲಿ ಅದನ್ನು ಹಾಕುವ ಪ್ರಶ್ನೆಯೇ ಇಲ್ಲ. ಐದು ಲಕ್ಷದ ಉಂಗುರ ವರ್ಷದ ಮುನ್ನೂರು ದಿನ ಲಾಕರಿನಲ್ಲಿ ಇರುತ್ತಿತ್ತು. "ನಂಗೆ ದಿನಾ ಹಾಕೋಕೆ ಒಂದು ಸಾದಾ ಉಂಗುರ ಸಾಕು" ಎಂದು ಅವಳು ಹೇಳಿದ್ದು ಎಸ್ಟಿಮೇಟ್ ಬಂದ ಎರಡು ವಾರದ ನಂತರ, ಏಕೆಂದರೆ ಅಲ್ಲಿಯವರೆಗೆ ಅವಳನ್ನು ಕೇಳಿರಲಿಲ್ಲ.

ಎರಡನೆಯದು ಹುಡುಗನ ಅಜ್ಜಿಯ ಒಂಟಿ ಬೆಂಡೋಲೆ. 1960ರ ದಶಕದ್ದು, ಏಳು ವಜ್ರದ್ದು, ನಡುವೆ ಒಂದು, ಸುತ್ತ ಆರು. ಜೊತೆಯದ್ದು ಯಾರದೋ ಮದುವೆಯಲ್ಲಿ ಕಳೆದುಹೋಗಿ ಇದು ಡಬ್ಬಿ ಸೇರಿತ್ತು. "ಒಂಟಿ ಓಲೆ ಯಾರಿಗೆ ಬೇಕಪ್ಪ, ಬಿಚ್ಚಿಸ್ಕೊಳ್ಳಿ" ಎಂದರು ಅಜ್ಜಿ.

ಹಳೇ ಓಲೆ ಬಿಚ್ಚಿಸುವಾಗ ಎಡವುವುದು ಬಿಚ್ಚುವ ಮುಂಚೆಯೇ. ಕ್ರಮ ಹೀಗಿರಲಿ. ಓಲೆಯ ಒಟ್ಟು ತೂಕ ಮೂರು ದಶಮಾಂಶದವರೆಗೆ ಬರೆಸಿ, ಮೇಲಿನಿಂದ ಕೆಳಗಿನಿಂದ ಹತ್ತಿರದ ಫೋಟೊ ತೆಗೆದಿಡಿ. ಅಕ್ಕಸಾಲಿಗರ ಮುಂದೆ ಕೂತು ಬಿಚ್ಚಿಸಿ. ಬಿಚ್ಚಿದ ಕಲ್ಲುಗಳನ್ನು ಒಟ್ಟಿಗೆ ತೂಗದೆ ಒಂದೊಂದನ್ನೇ ತೂಗಿ, ಅಗಲ ಅಳೆದು, ಯಾವ ಜಾಗದ್ದು ಎಂದು ಚಿತ್ರ ಬರೆದು ಸಂಖ್ಯೆ ಹಾಕಿ. ಹಿಂಬದಿ ಮುಚ್ಚಿದ ಹಳೇ ಕಟ್ಟಿನೊಳಗೆ ಅರವತ್ತು ವರ್ಷದ ಎಣ್ಣೆ, ಸೋಪು ಗಟ್ಟಿಯಾಗಿರುತ್ತದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ತೊಳೆಯದೆ ತೂಗಿದರೆ ಲೆಕ್ಕ ತಪ್ಪುತ್ತದೆ. ತೆಗೆಯುವಾಗ ಸೊಂಟದ ಅಂಚು ಚಕ್ಕೆ ಏಳುವ ಅಪಾಯ ಇದ್ದೇ ಇದೆ: ವಜ್ರ ಗೀಚಿಗೆ ಜಗ್ಗುವುದಿಲ್ಲ ನಿಜ, ಆದರೆ ಅದಕ್ಕೆ ನಾಲ್ಕು ದಿಕ್ಕಿನಲ್ಲಿ ಸೀಳುವ ಗುಣವಿದೆ, ಸರಿಯಾದ ಕಡೆ ಪೆಟ್ಟು ಬಿದ್ದರೆ ಒಡೆಯುತ್ತದೆ.

ಹೀಗೆ ತೂಗಿದಾಗ ಆರು ಕಲ್ಲು ತಲಾ 11ರಿಂದ 13 ಸೆಂಟ್, ಅಂದರೆ 0.11ರಿಂದ 0.13 ಕ್ಯಾರೆಟ್, ಅಗಲ 3.1 ಮಿಲಿಮೀಟರ್ ಆಸುಪಾಸು. ಏಳನೆಯದೂ 3.1 ಮಿಲಿಮೀಟರೇ, ತೂಕ ಮಾತ್ರ 20 ಸೆಂಟ್. ಅಳತೆ ಒಂದೇ ಇದ್ದು ತೂಕ ಒಂದೂ ಮುಕ್ಕಾಲರ ಹತ್ತಿರ ಹೋದರೆ ಅದು ವಜ್ರವಲ್ಲ, ಕ್ಯೂಬಿಕ್ ಜಿರ್ಕೋನಿಯ, ಪೇಟೆಯ ಮಾತಿನಲ್ಲಿ ಅಮೆರಿಕನ್ ಡೈಮಂಡ್. ಈ ಕಲ್ಲು ಮಾರುಕಟ್ಟೆಗೆ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ಎಂದರೆ ಓಲೆ ಮಾಡಿಸಿದಾಗ ಅದು ಇರಲು ಸಾಧ್ಯವಿಲ್ಲ, ಮುಂದೆ ಯಾವುದೋ ರಿಪೇರಿಯಲ್ಲಿ ಕೂತಿದೆ. ಪ್ರಯೋಗಾಲಯವೂ ಅದನ್ನೇ ಹೇಳಿತು. ಉಳಿದ ಆರು ನೈಸರ್ಗಿಕ ವಜ್ರ. ಅವುಗಳಲ್ಲಿ ನಾಲ್ಕು ನೇರಳಾತೀತ ದೀಪದ ಕೆಳಗೆ ಕಡುನೀಲಿ ಹೊಳೆದವು. ಹಳಬರು 'ಬ್ಲೂ ಜಾಗರ್' ಎಂದು ಆಸೆಪಟ್ಟು ಕೊಳ್ಳುತ್ತಿದ್ದದ್ದು ಇಂಥದ್ದನ್ನೇ, ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ. ಇಂದಿನ ವರದಿಗಳು ಇದೇ ನೀಲಿಯನ್ನು 'ಫ್ಲೋರೆಸೆನ್ಸ್' ಎಂದು ಬರೆದು, ವ್ಯಾಪಾರಿಗಳು ಅದಕ್ಕೆ ಬೆಲೆ ಇಳಿಸುತ್ತಾರೆ. ಅಜ್ಜಿ ಹೆಚ್ಚು ಕೊಟ್ಟು ಕೊಂಡ ಗುಣಕ್ಕೆ ಮೊಮ್ಮಗನ ಕಾಲದಲ್ಲಿ ಕಡಿತ.

ಆಗಿದ್ದು

ಏಳು ಕಲ್ಲಿನ ಹೂವಿನ ಉಂಗುರವೇ ಗೊತ್ತಾಯಿತು. 3.1ರ ಮೂರು ಕಲ್ಲು ಸಾಲಾಗಿ ನಿಂತರೆ ಅಗಲ 9.3 ಮಿಲಿಮೀಟರ್, ಒಂದು ಕ್ಯಾರೆಟ್ ಒಂಟಿ ಕಲ್ಲಿನ ಒಂದೂವರೆ ಪಟ್ಟು. 18 ಕ್ಯಾರೆಟ್ ಹಳದಿ ಚಿನ್ನ ನಿವ್ವಳ 5 ಗ್ರಾಂ, ₹37,500. ಮಜೂರಿ, ಕಲ್ಲು ಕೂರಿಸುವುದು ಸೇರಿ ₹12,000. ಏಳನೇ ಜಾಗಕ್ಕೆ 12 ಸೆಂಟಿನ ಒಂದು ಹೊಸ ವಜ್ರ ₹8,000. ಜಿಎಸ್‌ಟಿ ₹1,725. ಓಲೆಯ ಹಳೇ ಚಿನ್ನಕ್ಕೆ ₹26,000 ಕಳೆದು, ಪರೀಕ್ಷೆಯ ಖರ್ಚು ₹4,000 ಕೂಡಿದರೆ ₹37,225. ಜೊತೆಗೆ ದಿನಬಳಕೆಗೆ ಕಲ್ಲಿಲ್ಲದ, ಮೈ ನುಣುಪಾದ ಎರಡೂವರೆ ಗ್ರಾಂನ ಇನ್ನೊಂದು ಉಂಗುರ.

ಕಟ್ಟು ಎರಡು ಸಲ ಬದಲಾಯಿತು. ಮೊದಲ ನಕ್ಷೆಯಲ್ಲಿ ಕಲ್ಲುಗಳ ಹಿಂಬದಿ ಮುಚ್ಚಿತ್ತು. ಬೆಳಕು ಆಡಲಿ, ತೊಳೆಯಲು ಬರಲಿ ಎಂದು ಹಿಂಬದಿ ತೆರೆಸಲಾಯಿತು. ಎರಡನೆಯದರಲ್ಲಿ ಹೂವಿನ ಭಾರಕ್ಕೆ ಉಂಗುರ ಬೆರಳ ಮೇಲೆ ಪಕ್ಕಕ್ಕೆ ತಿರುಗುತ್ತಿತ್ತು. ಉಂಗುರದ ಪಟ್ಟಿಯ ಕೆಳಭಾಗವನ್ನು ಸ್ವಲ್ಪ ಅಗಲ ಮಾಡಿ, ಬೆರಳ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಂಡ ಮೇಲೆ ನಿಂತಿತು.

ಸೋದರತ್ತೆಗೆ ಒಪ್ಪಿಗೆಯಾಗದ ಒಂದು ಅಂಶ ಉಳಿದಿದೆ, ಅದು ಸರಿಯಾದದ್ದೇ. ಈ ಬಿಲ್ಲಿನಲ್ಲಿ ಆರು ಕಲ್ಲಿನ ಮುಂದೆ 'ಗ್ರಾಹಕರ ಕಲ್ಲು' ಎಂದಿದೆ. ಅಂಗಡಿಯ ಮರುಖರೀದಿ ನಿಯಮ ಅವಕ್ಕೆ ಅನ್ವಯಿಸುವುದಿಲ್ಲ. ನಾಳೆ ವಾಪಸ್ ಕೊಡಲು ಹೋದರೆ 5 ಗ್ರಾಂ ಚಿನ್ನಕ್ಕೂ 12 ಸೆಂಟಿನ ಆ ಒಂದು ಹೊಸ ಕಲ್ಲಿಗೂ ಮಾತ್ರ ಬೆಲೆ ಕಟ್ಟುತ್ತಾರೆ.